ಸೋಪಿನ ಗುಟ್ಟು ರಟ್ಟು ಮಾಡಿದ ಯಂತ್ರದವರಿಗೆ

ಮಾನ್ಯ ಯಂತ್ರದವರೇ,

ಔಷಧ ಕಾರ್ಖಾನೆಯ ಎರಡನೇ ಮಹಡಿಯ ತಂಪು ಕೋಣೆಯಲ್ಲಿ, ಮೇಜಿನ ಉದ್ದಕ್ಕೂ ಮೈಚಾಚಿ ಕುಳಿತಿರುವ ತಮಗೆ, ಫ್ಯಾನಿನ ಕೆಳಗೂ ಬೆವರುತ್ತಿರುವ ಒಬ್ಬ ಸೋದರಮಾವನ ನಮಸ್ಕಾರಗಳು. ತಾವು ಕ್ಷೇಮವೆಂದು ಕೇಳಿದ್ದೇನೆ. ತಮ್ಮ ದಯೆಯಿಂದ ಇಲ್ಲಿ ನನ್ನ ಮಾನ ಅಷ್ಟು ಕ್ಷೇಮವಾಗಿಲ್ಲ.

ತಮ್ಮನ್ನು ನೋಡಿಕೊಳ್ಳುವ ಪುಟ್ಟಿ ನನ್ನ ತಂಗಿಯ ಮಗಳು. ಮಾತ್ರೆಯಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು ಕೊಳೆಯಿದ್ದರೂ ತಾವು ಹಿಡಿಯುತ್ತೀರೆಂದು ಶುಕ್ರವಾರದೊಳಗೆ ಸಾಬೀತು ಮಾಡದಿದ್ದರೆ, ಅವಳು ಆರು ತಿಂಗಳು ಕೂತು ಕಟ್ಟಿದ ಪರೀಕ್ಷಾ ವಿಧಾನವೇ ಕಸದ ಬುಟ್ಟಿಗೆ. ಅವಳೇ ಅಳೆದು ಕೊಳೆ ಬೆರೆಸಿ ಕೊಟ್ಟಾಗ ಆರು ಸಲವೂ ತಪ್ಪದೆ ಅಷ್ಟೇ ಎಂದು ಒಪ್ಪಿಸಿದ ತಾವು, ಏನೂ ಬೆರೆಸದ ಬರಿಯ ದ್ರಾವಣ ಕೊಟ್ಟಾಗ ಬಾಯಿ ಮುಚ್ಚಿಕೊಂಡು ಚಪ್ಪಟೆ ಗೆರೆ ಎಳೆಯುವುದು ಬಿಟ್ಟು, ಕೊಳೆಯಿದೆ ಎನ್ನುವಂತೆ ಕಾಗದದ ಮೇಲೆ ಒಂದು ಪುಟ್ಟ ಗುಡ್ಡ ಬರೆದಿರಿ.

ಇಷ್ಟು ಚಿಕ್ಕದನ್ನ ಯಾರು ನೋಡ್ತಾರೆ, ವರದಿಯಲ್ಲಿ ಬಿಟ್ಟುಬಿಡಮ್ಮ ಅಂದರಂತೆ ಅವಳ ಮೇಲಧಿಕಾರಿ. ನಿಜ ಹೇಳುತ್ತೇನೆ, ನನಗೂ ಅದೇ ಸರಿ ಅನ್ನಿಸಿತ್ತು. ಪುಟ್ಟಿ ಮಾತ್ರ, ಅತ್ತೆ ದಿನಾ ಬೆಳಿಗ್ಗೆ ನುಂಗೋದು ಇದೇ ಮಾತ್ರೆ ಅಲ್ವಾ ಮಾವ, ಅಂದಳು. ಅತ್ತೆಯೆಂದರೆ ನನ್ನ ಹೆಂಡತಿ; ಬಿಟ್ಟುಬಿಡುವ ಮಾತನ್ನು ಅಲ್ಲಿಗೇ ಬಿಟ್ಟೆ.

ಆದರೆ ಆ ಮಾತು ಬಿಟ್ಟರೇನು, ಕೈ ಸುಮ್ಮನಿರಬೇಕಲ್ಲ. ಓದು ಏಳನೇ ಕ್ಲಾಸಿಗೆ ನಿಂತರೂ ಬುದ್ಧಿವಾದಕ್ಕೆ ಬರವಿಲ್ಲದ ನಾನು, ಸೀಸೆಗಳನ್ನು ಸೋಪು ಹಾಕಿ ಮೂರು ಸಲ ಚೆನ್ನಾಗಿ ತಿಕ್ಕಮ್ಮಾ ಎಂದು ಎರಡು ಪುಟದ ಕಾಗದ ಬರೆದೆ. ತಿಕ್ಕಿದಳು. ತಾವು ಗುಡ್ಡವನ್ನು ಬೆಟ್ಟ ಮಾಡಿದಿರಿ. ಮೊದಲಿನಿಂದಲೂ ಅದು ಸೀಸೆಗೆ ಅಂಟಿದ ಸೋಪೇ ಅಂತೆ! ಕಳ್ಳನನ್ನು ಹಿಡಿಯಲು ಕಳ್ಳನ ಅಣ್ಣತಮ್ಮಂದಿರನ್ನೇ ಕಳಿಸಿದ ಹಾಗಾಯಿತು ನನ್ನ ಸಲಹೆ. ಆ ಬೆಟ್ಟ ಕಂಡ ಮೇಲೇ ಅವಳಿಗೆ ಹೊಳೆದದ್ದು. ಸೋಪು ಬಿಟ್ಟು ಬರಿಯ ದ್ರಾವಣದಲ್ಲೇ ಸೀಸೆ ಜಾಲಾಡಿಸಿ, ಎಲ್ಲವನ್ನೂ ಮೊದಲಿಂದ ಮಾಡಿ, ಗುರುವಾರ ಸಂಜೆ ಗೆರೆಯನ್ನು ಹಲಗೆಯಂತೆ ಚಪ್ಪಟೆ ಮಾಡಿಸಿದಳು. ವಿಧಾನ ಪಾಸಾಯಿತು.

ಇಂಥ ಸೂಕ್ಷ್ಮದೃಷ್ಟಿಯ ತಮ್ಮಲ್ಲಿ ಎರಡೇ ಕೋರಿಕೆ. ಇನ್ನು ಮುಂದೆ ನನ್ನ ತಪ್ಪು ಕಂಡರೆ ಇಡೀ ಕಚೇರಿಗೆ ಪ್ರಿಂಟು ತೆಗೆದು ಹಂಚದೆ, ಒಂದು ಬಸ್ಸು ಹತ್ತಿ ಬಂದು ಕಿವಿಯಲ್ಲಿ ಹೇಳಿ ಹೋಗಿ. ಆದರೆ ಮಾತ್ರೆಯ ವಿಷಯದಲ್ಲಿ ನನ್ನ ಮುಖ ನೋಡಬೇಡಿ, ಪುಟ್ಟಿಯ ಮುಖವನ್ನೂ ನೋಡಬೇಡಿ.

ತಮ್ಮ ವಿಶ್ವಾಸಿ,
ಪುಟ್ಟಿಯ ಮಾವ

ವಿ.ಸೂ.: ಅವಳ ಮೇಲಧಿಕಾರಿ ಈಗ ಎಲ್ಲರೆದುರು, ಆ ಗುಡ್ಡ ಬಿಡಬೇಡ ಅಂತ ನಾನೇ ಹೇಳಿದ್ದು ಅನ್ನುತ್ತಿದ್ದಾರಂತೆ. ಬಿಡುವಾದಾಗ ಆ ಮಾತನ್ನೂ ಒಮ್ಮೆ ಒಳಗೆ ಹಾಕಿ ನೋಡಿ. ಹತ್ತು ಲಕ್ಷಕ್ಕೆ ಒಂದು ಪಾಲು ನಿಜ ಸಿಕ್ಕರೂ ದಯವಿಟ್ಟು ತಿಳಿಸಿ.