ಹಣೆಯ ಮೇಲಿನ ಗಾಜು

ಮಗುವಿನ ಕಾರ್ಡಿನಲ್ಲಿ ಹಲ್ಲು, ತೂಕ, ನಡಿಗೆ ಎಲ್ಲದಕ್ಕೂ ಗುರುತು ಬಿದ್ದಿತ್ತು. ಮಾತು ಎಂದಿದ್ದ ಸಾಲು ಮಾತ್ರ ಖಾಲಿ. ಮನೆಮನೆಗೆ ಬರುವ ನರ್ಸಮ್ಮ ಅದನ್ನು ನೋಡಿ ಪೆನ್ನಿನ ತುದಿ ಕಚ್ಚಿದರು.

ಗಡಿಯಾರ ರಿಪೇರಿಯವನು ಮೇಜಿನಿಂದ ತಲೆಯೆತ್ತಿದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಎರಡು ವರ್ಷ ತುಂಬಿದ ಮಗಳು ಅವನ ಕಾಲಬುಡದಲ್ಲಿ ಚಾಪೆಯ ಮೇಲೆ ಕೂತು ಖಾಲಿ ಡಬ್ಬಿಯ ಮುಚ್ಚಳ ತೆಗೆದು ಹಾಕುತ್ತಿದ್ದಳು, ಸದ್ದಿಲ್ಲದೆ. ಹೆಂಡತಿ ಬೇಕರಿ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ.

ಮೂರು ಸಲ ಬಂದರೂ ಇವಳ ಬಾಯಲ್ಲಿ ಒಂದು ಪದ ಕೇಳಲಿಲ್ಲ ಎಂದರು ನರ್ಸಮ್ಮ. ವರ್ಷ ತುಂಬುವಾಗ ಒಂದೆರಡು ಪದ ಬರಬೇಕಂತೆ, ಎರಡು ತುಂಬುವಾಗ ಪದಕ್ಕೆ ಪದ ಜೋಡಿಸಬೇಕಂತೆ. ಕಿವಿ ಕೇಳುತ್ತದೋ ಇಲ್ಲವೋ ದೊಡ್ಡಾಸ್ಪತ್ರೆಯಲ್ಲಿ ತೋರಿಸೋಣ, ಸಂಜೆ ಚೀಟಿ ತರುತ್ತೇನೆ, ತಾಯಿಯ ಸಹಿ ಬೇಕು ಎಂದರು.

ಅವನು ಕೈಲಿದ್ದ ಚಿಮಟ ಕೆಳಗಿಟ್ಟ. ಹೆಂಡತಿಗೆ ಏನೆಂದು ಹೇಳುವುದು?

“ಇವಳ ಹತ್ರ ನೀವು ಮಾತಾಡ್ತೀರೇನ್ರಿ?” ಎಂದು ಕೇಳಿದರು ನರ್ಸಮ್ಮ.

ಅವನು ಯೋಚಿಸಿದ. “ಶ್ ಅಂತೀನಿ,” ಎಂದ.

ಅವನ ಕೆಲಸವೇ ಅಂಥದ್ದು. ಸಾಸಿವೆಗಿಂತ ಸಣ್ಣ ತಿರುಪುಗಳು. ಉಸಿರು ಬಿಟ್ಟರೆ ಹಾರಿ ಹೋಗುತ್ತವೆ. ಮಗು ಬಾಯಿ ತೆರೆದರೆ ಇವನು ತುಟಿಗೆ ಬೆರಳಿಡುತ್ತಿದ್ದ. ಒಂದು ಕಣ್ಣಿಗೆ ಹಾಕುವ, ತಲೆಗೆ ಪಟ್ಟಿಯಿರುವ ಕರೀ ಭೂತಗಾಜನ್ನು ಊಟಕ್ಕೆ ಕೂತಾಗಲೂ ಹಣೆಗೆ ಏರಿಸಿಕೊಂಡೇ ಇರುತ್ತಿದ್ದ, ಒಂಟಿ ಕೊಂಬಿನ ಹಾಗೆ.

ಮಾತು ಕೇಳಿದರೆ ತಾನೆ ಮಾತು ಬರುವುದು, ಮಾಡುವ ಕೆಲಸವನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋಗಿ ಎಂದು ನರ್ಸಮ್ಮ ಹೊರಟರು.

ಸಂಜೆಯೊಳಗೆ ಒಂದು ಪದವಾದರೂ ಹೊರಡಿಸಬೇಕು. ಅವನು ಗಂಟಲು ಸರಿಮಾಡಿಕೊಂಡು ಒಂದು ಗಡಿಯಾರ ಎತ್ತಿ ತೋರಿಸಿದ.

“ನೋಡು ಮಗಳೇ, ಇದು ಮೇಷ್ಟ್ರ ಗಡಿಯಾರ. ಇದಕ್ಕೇನೂ ಆಗಿಲ್ಲ. ಮೇಷ್ಟ್ರು ಕೀಲಿ ಕೊಡೋದು ಮರೀತಾರೆ. ಹೇಳಿದ್ರೆ ನೊಂದ್ಕೋತಾರೆ ಅಂತ ಎರಡು ದಿನ ಇಟ್ಕೊಂಡು, ಕೀಲಿ ಕೊಟ್ಟು ಕಳಿಸ್ತೀನಿ.”

ಯಾರೋ ಕೆಮ್ಮಿದರು. ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಗಡಿಯಾರ ಕಿತ್ತುಕೊಂಡು, ಮರೆವು ನನಗಲ್ಲ ನಿನಗೆ, ಹಿರಿಯರ ಹತ್ತಿರ ಹೇಗಿರಬೇಕೆಂಬುದೇ ಮರೆತಿದೆ ಎಂದು ಹೋದರು.

ಮಗು ಡಬ್ಬಿಯ ಮುಚ್ಚಳ ಹಾಕಿತು.

ಅವನು ಬಿಡಲಿಲ್ಲ. ಚಿಮಟ, ಸ್ಪ್ರಿಂಗು, ಮುಳ್ಳು ಎಂದು ಒಂದೊಂದನ್ನೂ ಎತ್ತಿ ಹೇಳಿದ. ‘ತಿರುಪು’ ಎನ್ನುವಾಗ ಬಂದ ಉಸಿರಿಗೆ, ಬಸ್ ಕಂಡಕ್ಟರ್ ರಿಪೇರಿಗೆ ಕೊಟ್ಟಿದ್ದ ವಾಚಿನ ನಾಲ್ಕು ತಿರುಪುಗಳೂ ಹಾರಿದವು. ಹೊಟ್ಟೆ ಮೇಲೆ ತೆವಳಿ ಹುಡುಕಿದಾಗ ಮೂರು ಸಿಕ್ಕವು. ತೆವಳುವಾಗಲೂ, ಅಪ್ಪ ತೆವಳ್ತಿದಾನೆ, ಅಪ್ಪನ ತಲೆ ಮೇಜಿಗೆ ಬಡೀತು ಎಂದು ಹೇಳುತ್ತಲೇ ಇದ್ದ.

ಪಕ್ಕದ ಇಸ್ತ್ರಿ ಅಂಗಡಿಯಾಕೆ ಇಣುಕಿದಳು. ಆರು ವರ್ಷದಿಂದ ಇವನ ಬಾಯಲ್ಲಿ ಆರು ಮಾತು ಕೇಳದವಳು. ನೇರ ಬಂದು, ಜ್ವರವಿದೆಯೇ ಎಂದು ಗಾಜಿನ ಪಕ್ಕದಲ್ಲಿ ಅವನ ಹಣೆ ಮುಟ್ಟಿದಳು.

“ಅಣ್ಣಾ, ಅತ್ತಿಗೆಗೆ ಹೇಳಿ ಕಳಿಸ್ಲಾ?”

ಮಗಳಿಗೆ ಮಾತಿಲ್ಲ ಎಂದು ಬೀದಿಗೆಲ್ಲ ಹೇಳುವುದುಂಟೆ? ಏನೂ ಇಲ್ಲ ಎಂದ. ಏನೂ ಇಲ್ಲ ಎನ್ನುವವರಿಗೇ ಜಾಸ್ತಿ ಇರುತ್ತದೆ ಎಂದು ಅವಳು ಎದುರು ಸಾಲಿಗೂ ಸುದ್ದಿ ಮುಟ್ಟಿಸಿದಳು. ಮಧ್ಯಾಹ್ನದ ಹೊತ್ತಿಗೆ ಗಿರಾಕಿಗಳು ದೂರದಿಂದಲೇ ನೋಡಿ ಹೋಗತೊಡಗಿದರು.

ಮೂರು ಗಂಟೆಗೆ ಗಂಟಲು ಒಣಗಿತು, ಮಾತೂ ಮುಗಿಯಿತು. ಮೇಜಿನ ಖಾನೆ ಎಳೆದ. ತಳದಲ್ಲಿ ಬಟ್ಟೆಯಲ್ಲಿ ಸುತ್ತಿದ ಹೆಂಡತಿಯ ಕೈಗಡಿಯಾರ ಇತ್ತು, ಅವಳಪ್ಪ ಕೊಟ್ಟಿದ್ದು. ಹೇಳುವುದು ಮಾತು ಬಾರದ ಮಗುವಿಗೆ ತಾನೆ ಎಂದುಕೊಂಡು ದನಿ ತಗ್ಗಿಸಿದ.

“ಇದು ಅಮ್ಮನ ವಾಚು. ನಂಗೇ ಕೈಜಾರಿ ಬಿತ್ತು, ಮೇಲೆ ಕಾಲಿಟ್ಟೆ. ಪಟ್ ಅಂತು. ರಿಪೇರಿ ಸಾಮಾನು ಹಡಗಲ್ಲಿ ಬರ್ತಿದೆ ಅಂತ ಎಂಟು ತಿಂಗಳಿಂದ ಅಮ್ಮಂಗೆ ಹೇಳ್ತಿದೀನಿ. ಯಾವ ಹಡಗೂ ಇಲ್ಲ ಮಗಳೇ.”

ಮಗು ತದೇಕಚಿತ್ತದಿಂದ ನೋಡಿತು. ಅವನಿಗೆ ಮಾತಾಡುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತೇ ಇರಲಿಲ್ಲ. ಆಮೇಲೆ ನಿಲ್ಲಿಸಲಾಗಲಿಲ್ಲ, ಹೆಂಡತಿಗೆ ಹೇಳದೆ ಇಟ್ಟುಕೊಂಡಿದ್ದನ್ನೆಲ್ಲ ಸಂಜೆಯವರೆಗೂ ಹೇಳಿದ.

ಹೆಂಡತಿಯೂ ನರ್ಸಮ್ಮನೂ ಒಟ್ಟಿಗೇ ಬಂದರು. ಅವನು ಆಗಷ್ಟೇ ಮುಖ ತೊಳೆದು ಬಂದಿದ್ದ. ನರ್ಸಮ್ಮ ಚೀಟಿ ಚಾಚಿದರು. ಮಗು ಅಪ್ಪನ ಹಣೆಯನ್ನೇ ನೋಡಿತು. ಆಮೇಲೆ ತಾಯಿಯ ಸೆರಗು ಹಿಡಿದೆಳೆಯಿತು.

“ಅಮ್ಮಾ, ವಾಚು ಬಿತ್ತು. ಅಪ್ಪ ಕಾಲು. ಪಟ್. ಹಡಗು ಇಲ್ಲ.”

ಮಗಳಿಗೆ ಮಾತು ಬಂತೆಂದು ಕುಣಿಯಬೇಕೋ, ಹಿತ್ತಿಲಿಂದ ಓಡಬೇಕೋ ಅವನಿಗೆ ತಿಳಿಯಲಿಲ್ಲ. ಎರಡೆರಡು ಪದ ಜೋಡಿಸ್ತಾಳಲ್ಲ ಎಂದು ನರ್ಸಮ್ಮ ಖುಷಿಯಿಂದ ಗುರುತು ಹಾಕಿದರು.

“ಇವಳು ಮಾತಾಡೋಕೆ ಶುರು ಮಾಡಿ ಆರು ತಿಂಗಳಾಯ್ತು ಸಿಸ್ಟರ್,” ಎಂದಳು ಹೆಂಡತಿ, ಗಂಡನ ಮೇಲಿಂದ ಕಣ್ಣು ತೆಗೆಯದೆ. “ಸಂಜೆ ನನ್ ಜೊತೆ ಇಸ್ತ್ರಿ ಅಂಗಡೀಲಿ ಕೂತ್ರೆ ಬಾಯಿ ಮುಚ್ಚಲ್ಲ. ಇವರ ಹಣೆ ಮೇಲೆ ಆ ಗಾಜು ಇದ್ರೆ ಮಾತ್ರ ಉಸಿರೆತ್ತಲ್ಲ. ಅಪ್ಪ ಕೆಲಸದಲ್ಲಿದಾನೆ ಅಂತ.”

ಅವನು ಹಣೆ ಮುಟ್ಟಿ ನೋಡಿಕೊಂಡ. ಬಚ್ಚಲಿಗೆ ಓಡಿ, ಗಾಜನ್ನು ತಂದು, ಒದ್ದೆಯಿದ್ದಂತೆಯೇ ಹಣೆಗೆ ಸಿಕ್ಕಿಸಿಕೊಂಡ. ಮಗು ಥಟ್ಟನೆ ಬಾಯಿ ಮುಚ್ಚಿ ತುಟಿಗೆ ಬೆರಳಿಟ್ಟಿತು. ಅವನು ಉಸಿರು ಬಿಟ್ಟ.

ಹೆಂಡತಿ ಹತ್ತಿರ ಬಂದಳು. ಗಾಜನ್ನು ಮೆಲ್ಲಗೆ ಬಿಡಿಸಿ ತನ್ನ ಚೀಲದೊಳಗೆ ಹಾಕಿ, ಚಾಪೆಯ ಮೇಲೆ ಮಗಳ ಎದುರು ಕೂತಳು.

“ಹೇಳು ಕಂದ. ಅಪ್ಪ ಇನ್ನೇನೇನು ಹೇಳಿದ್ರು?”