ಕೈ ಚಾಚಿದ ಫೈನಲ್

ಚೆಸ್ ಪಂದ್ಯಗಳ ತೀರ್ಪುಗಾರನಾಗಿ ಹನ್ನೆರಡು ವರ್ಷವಾಯಿತು. ಬಾಯಿ ಮುಚ್ಚಿಕೊಂಡು ಆಡುವ ಆಟದಲ್ಲಿ ರಗಳೆ ಏನಿರುತ್ತದೆ ಎಂದು ಕೇಳುವವರು ಒಂದು ದಿನ ನನ್ನ ಪಕ್ಕ ಕೂರಬೇಕು. ಈ ಸಲ ಆಳಂದದ ಫೈನಲ್ ಒಂದರಲ್ಲೇ ಮೂರು ಪ್ರಸಂಗ ನಡೆದವು. ಒಂದು ಕಡೆ ಅಫಜಲಪುರದ ಕಬ್ಬಿನ ರೈತ, ಇನ್ನೊಂದು ಕಡೆ ಜೇವರ್ಗಿಯ ಹಿರಿಯ ಉರ್ದು ಮಾಸ್ತರರು. ಇಬ್ಬರೂ ಗಟ್ಟಿಗರು. ಗೆದ್ದವರಿಗೆ ರಾಜ್ಯಮಟ್ಟದಲ್ಲಿ ಆಡುವ ಅವಕಾಶ. ಎರಡು ವರ್ಷ ಇದೇ ಮಾಸ್ತರರಿಗೆ ಸೋತಿದ್ದ ರೈತ, ಈ ಸಲ ಕಬ್ಬು ಕಡಿಯುವ ಪಾಳಿಯನ್ನೇ ಬಿಟ್ಟು ಬಂದಿದ್ದ.

೧. ಗೋಡೆ ಕಡೆ ಕುರ್ಚಿ

ನೋಡಲು ಬಂದ, ಊರ ಕಂದಾಯದ ಲೆಕ್ಕ ಬರೆದು ನಿವೃತ್ತರಾದ ತಲಾಠಿಯೊಬ್ಬರು ಮುಂದೆಯೇ ಕೂತಿದ್ದರು. ರೈತನ ಕೈ ಕುದುರೆಯ ಮೇಲೆ ಸುಳಿದರೆ ಬೇಡವೆಂದು ತಲೆಯಾಡಿಸುವುದು, ಆನೆಯ ಮೇಲೆ ಸುಳಿದರೆ ಹೂಂ ಎಂದು ತೂಗುವುದು. ನಾನು ರೇಗಿ ಅವರ ಕುರ್ಚಿಯನ್ನು ಗೋಡೆಯತ್ತ ತಿರುಗಿಸಿದೆ. ಅವರು ಗೋಡೆ ನೋಡುತ್ತಲೇ ಕೇಳಿದರು:

"ತಲಿ ಆಡಸೂದು ಬಿಟ್ಟೇನ್ರಿ ಸರ. ಅಂವ ಆನಿ ನಡಸಿದ್ನೋ ಇಲ್ಲೋ, ಅಷ್ಟ ಹೇಳ್ರಿ."

೨. ಮಾಫ್ ಮಾಡ್ರಿ

ಮಾಸ್ತರರು ಬಲು ಸಭ್ಯರು. ಎದುರಾಳಿಯ ಕಾಯಿ ಹೊಡೆದಾಗಲೆಲ್ಲ "ಮಾಫ್ ಮಾಡ್ರಿ" ಅನ್ನುತ್ತಿದ್ದರು. ಆಟದ ನಡುವೆ ಮಾತು ಕೂಡದು ಎಂದೆ. ಆಮೇಲೆ ಕಾಯಿ ಹೊಡೆದು, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸತೊಡಗಿದರು. ರೈತ ಬೆವರು ಒರೆಸಿಕೊಂಡು ನನ್ನನ್ನು ಕರೆದ.

"ಸರ, ಮಾತಾಡಿದ್ರೇ ಚೊಲೋ ಇತ್ರಿ. ಅವ್ರು ಎದಿ ಮುಟ್ಕೊಂಡಾಗೊಮ್ಮೆ ನನ್ನ ಎದಿ ಧಸಕ್ ಅಂತದ."

೩. ಕೊನೆಯ ಎರಡು ನಿಮಿಷ

ಇಬ್ಬರಿಗೂ ಎರಡೆರಡೇ ನಿಮಿಷ ಉಳಿದಿತ್ತು. ರೈತನ ಕಾಲಾಳು ಪ್ಯಾದೆ, ಪಟದ ಬಲಿಷ್ಠ ಕಾಯಿಯಾದ ವಜೀರನಾಗಲು ಎರಡೇ ಮನೆ ಬಾಕಿ. ಅಷ್ಟರಲ್ಲಿ ರೈತ ಕೈ ಚಾಚಿ ಮಾಸ್ತರರ ಕೈ ಮುಟ್ಟಿದ. ಚೆಸ್ಸಿನಲ್ಲಿ ಸೋಲೊಪ್ಪುವವರು ಹಾಗೆ ಕೈ ಚಾಚುವುದು ರೂಢಿ. ಮಾಸ್ತರರು ಆ ಕೈ ಹಿಡಿದು ಕುಲುಕಿ, ಗಡಿಯಾರ ನಿಲ್ಲಿಸಿ, ಎದ್ದೇ ನಿಂತರು. ಚಪ್ಪಾಳೆಯೂ ಬಿತ್ತು. ರೈತ ದಡಬಡಿಸಿ ನನ್ನತ್ತ ತಿರುಗಿದ.

"ಸರ, ನಾ ಸೋತಿಲ್ರಿ. ಮೇಜಿನ ಕೆಳಗ ಅವರಿಗೆ ನನ್ನ ಕಾಲ್ ತಾಕಿತ್ರಿ. ಮುಟ್ಟಿ ಕಣ್ಣಿಗೆ ಒತ್ಕೊಳ್ಳಾಕ ಹೋದೆ, ಅವ್ರು ಕೈ ಬಿಡಲೇ ಇಲ್ರಿ."

ಹಿರಿಯರಿಗೆ ಕಾಲು ತಾಕಿದರೆ ನಮಸ್ಕರಿಸದೆ ಬಿಡುವವರು ನಮ್ಮ ಕಡೆ ಯಾರಿದ್ದಾರೆ? "ತಾಕಿದ್ದು ಹೌದ್ರಿ" ಎಂದು ಮಾಸ್ತರರೂ ಒಪ್ಪಿದರು. ಆಟ ಮುಂದುವರಿಸಿ ಎಂದೆ.

ಮಾಸ್ತರರೇನೋ ಕೂತರು. ಗೆದ್ದೆನೆಂದು ಎದ್ದ ಮನಸ್ಸು ಮಾತ್ರ ಮತ್ತೆ ಕೂರಲಿಲ್ಲ. ಆರನೇ ನಡೆಗೆ ತಮ್ಮ ವಜೀರನನ್ನೇ ಕಳೆದುಕೊಂಡರು. ನಿಟ್ಟುಸಿರು ಬಿಟ್ಟು, ನಿಜವಾಗಿಯೂ ಸೋಲೊಪ್ಪಿ ಕೈ ಚಾಚಿದರು. ರೈತನ ಗಡಿಯಾರದಲ್ಲಿ ಉಳಿದದ್ದು ಏಳು ಸೆಕೆಂಡು. ಅವನು ಪಟದಿಂದ ತಲೆಯೆತ್ತದೆ, ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡು ಹೇಳಿದ:

"ಇರ್ಲಿ ಬಿಡ್ರಿ ಮಾಸ್ತರ್, ನಿಮ್ಮ ಕಾಲ್ ತಾಕಿಲ್ರಿ."