ವಾಸಿಯಾದ ಗಂಡನ ಆರೈಕೆ

ಕಾಯಿಲೆ ಬಿದ್ದ ಗಂಡನನ್ನು ನೋಡಿಕೊಳ್ಳುವುದು ಅಂಥ ಕಷ್ಟವೇನಲ್ಲ. ಗಂಜಿ ಕೊಟ್ಟರೆ ಕುಡಿಯುತ್ತಾರೆ, ಮಲಗಿ ಎಂದರೆ ಮಲಗುತ್ತಾರೆ, ಮದುವೆಯಾದ ಮೇಲೆ ಮೊದಲ ಸಲ ಹೆಂಡತಿ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ. ಆದರೆ ವಾಸಿಯಾದ ಗಂಡನನ್ನು ನೋಡಿಕೊಳ್ಳುವುದಿದೆಯಲ್ಲ, ಆ ಪಾಡು ಶತ್ರುವಿಗೂ ಬೇಡ.

ನಮ್ಮ ಯಜಮಾನರಿಗೆ ಕೋವಿಡ್ ಬಂದು, ಇಲ್ಲೇ ಅಮೆರಿಕದಲ್ಲಿ ನಮ್ಮೂರು ಸ್ಟರ್ಲಿಂಗ್ ಹತ್ತಿರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಿದ್ದಾಗ ನನ್ನನ್ನು ಒಳಗೆ ಬಿಡಲಿಲ್ಲ. ಫೋನಿನಲ್ಲಿ ಅವರ ಏದುಸಿರು ಕೇಳಿಸಿಕೊಂಡೇ ದಿನ ದೂಡಿದೆ. ಆಗ ನನ್ನನ್ನು ಉಳಿಸಿದವರು ಸ್ನೇಹಿತರು. ಬೆಲ್ ಒತ್ತಿ, ಬಾಗಿಲಲ್ಲಿ ಡಬ್ಬಿ ಇಟ್ಟು, ದೂರದಲ್ಲಿ ಕಾರಿನ ಪಕ್ಕ ನಿಂತು ಕೈಬೀಸಿ ಹೋಗುತ್ತಿದ್ದರು. ರಂಜಾನ್ ತಿಂಗಳು ಅದು. ಪಕ್ಕದ ಬೀದಿಯ ಉಡುಪಿ ಭಟ್ಟರ ಮನೆಯಿಂದ ಇಫ್ತಾರಿನ ಹೊತ್ತಿಗೆ ಸರಿಯಾಗಿ ಬಿಸಿ ಸಾರು, ಅನ್ನ ಬರುತ್ತಿತ್ತು. ಯಜಮಾನರ ಹಳೆಯ ಸಹೋದ್ಯೋಗಿ, ಕಾರ್ಕಳದ ಸ್ಟ್ಯಾನಿ, ಅಟ್ಲಾಂಟಾ ಕಡೆಯ ಲಾರೆನ್ಸ್‌ವಿಲ್‌ನಿಂದ ಇಡೀ ದಿನ ಡ್ರೈವ್ ಮಾಡಿಕೊಂಡು ಬಂದು, ಆಳೆತ್ತರ ಬೆಳೆದಿದ್ದ ನಮ್ಮ ಹುಲ್ಲು ಕತ್ತರಿಸಿ, ಮನೆಯೊಳಗೆ ಕಾಲಿಡದೆ ವಾಪಸ್ ಹೋದ.

ಯಜಮಾನರು ಚೇತರಿಸಿಕೊಂಡರು. ಇನ್ನೇನೂ ತೊಂದರೆಯಿಲ್ಲ, ಹೋಗಿ ಜೀವನ ಎಂಜಾಯ್ ಮಾಡಿ ಎಂದರು ಡಾಕ್ಟರು. ಅವರು ಬಾಯಿಮಾತಿಗೆ ಹೇಳಿದ್ದನ್ನು ಇವರು ಕಟ್ಟಪ್ಪಣೆ ಎಂದುಕೊಂಡರು. "ಇನ್ನು ಒಂದು ವರ್ಷ ಯಾರು ಕರೆದ್ರೂ ಹೋಗ್ತೀನಿ, ಏನ್ ಮಾಡೋಣ ಅಂದ್ರೂ ಮಾಡ್ತೀನಿ, ನೀನು ಅಡ್ಡ ಬರ್ಬೇಡ" ಎಂದು ಕಾರಿನಲ್ಲೇ ಘೋಷಿಸಿದರು. ಮನೆಯಲ್ಲಿ ನಮ್ಮ ಮಾತು ಉರ್ದು, ಜಗಳ ಮಾತ್ರ ಅಚ್ಚ ಮೈಸೂರು ಕನ್ನಡ. ಹಾಗಾಗಿ ಇದು ಗಂಭೀರವಾದ ವಿಷಯ ಎಂದು ನನಗೆ ತಕ್ಷಣ ಗೊತ್ತಾಯಿತು. ನಾನೂ ಬಿಡಲಿಲ್ಲ. ಬೆರಳಿಗೆ ಸಿಕ್ಕಿಸಿದರೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಪುಟ್ಟ ಯಂತ್ರವನ್ನು ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡೆ. ಹೋದಲ್ಲೆಲ್ಲ ಅದೂ ಬಂತು. ಭಟ್ಟರ ಮನೆಯಲ್ಲಿ ಹಪ್ಪಳ ಮುರಿಯುವ ಮುಂಚೆ ಬೆರಳು, ಸ್ಟ್ಯಾನಿಯ ಊರಿಗೆ ಹೋದಾಗ ಅಲ್ಲೇ ಹತ್ತಿರದ ನಾರ್‌ಕ್ರಾಸ್‌ನ ಹೋಟೆಲಿನಲ್ಲಿ ಬಿರಿಯಾನಿಗೆ ಕೈ ಹಾಕಿದ ಮೇಲೆ "ಆಯ್ತು, ಎಡಗೈ ಕೊಡಿ." ಮರ್ಯಾದೆ ತೆಗೀತೀಯಲ್ಲೇ ಎಂದು ಅವರು ಹಲ್ಲು ಕಡಿಯುತ್ತಿದ್ದರು.

ಬೇಸಿಗೆಯಲ್ಲಿ ಸ್ಟ್ಯಾನಿ ಕರೆದ. ಅವನ ಮನೆ ಕಡೆಯ ಒಂದು ದೊಡ್ಡ ಸರೋವರದಲ್ಲಿ ಅವನದೊಂದು ಹಾಯಿದೋಣಿ ಇದೆ. ಹತ್ತಿದ ಕೂಡಲೇ ನನ್ನ ಕೈಗೊಂದು ಹಗ್ಗ ಕೊಟ್ಟು, "ಭಾಬಿ, ಇದನ್ನ ಹಿಡ್ಕೊಂಡು ಸುಮ್ನೆ ಕೂತಿರಿ, ಅಷ್ಟೇ ಕೆಲ್ಸ" ಎಂದ. ಗಾಳಿ ಬೀಸಿ ದೋಣಿ ಒಂದು ಪಕ್ಕಕ್ಕೆ ವಾಲಿತು. ನಾನು ಕಲ್ಮಾ ಹೇಳಿಕೊಳ್ಳುತ್ತ, ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದರಿಂದ ಯಜಮಾನರ ಬೆರಳಿಗೆ ಯಂತ್ರ ಸಿಕ್ಕಿಸಿದೆ. ಅಷ್ಟರಲ್ಲಿ ಗಾಳಿ ಜೋರಾಗಿ ಸ್ಟ್ಯಾನಿ ಕೂಗಿದ: "ಹೋಲ್ಡಾನ್ ಭಾಬಿ, ಹೋಲ್ಡಾನ್!"

ನಾನು ಮೈಸೂರಿನ ಸಿಟಿ ಬಸ್ ಕಂಡಕ್ಟರರ ಮಗಳು. ನಮ್ಮ ಅಬ್ಬಾ "ರೈಟ್" ಎಂದರೆ ಬಸ್ಸು ಹೊರಡುತ್ತಿತ್ತು, "ಹೋಲ್ಡಾನ್" ಎಂದರೆ ನಿಲ್ಲುತ್ತಿತ್ತು. ಅಮೆರಿಕದಲ್ಲಿ ಎಷ್ಟು ವರ್ಷ ಕಳೆದರೇನು, ಪ್ರಾಣಭಯದಲ್ಲಿ ಕಿವಿಗೆ ಬೀಳುವುದು ಅಪ್ಪನ ಇಂಗ್ಲಿಷೇ. ನಿಲ್ಲಿಸಬೇಕಲ್ಲ ಎಂದು ಹಗ್ಗ ಬಿಟ್ಟುಬಿಟ್ಟೆ. ಹಾಯಿ ಪಟಪಟ ಬಡಿದುಕೊಂಡಿತು, ವಾಲಿದ್ದ ದೋಣಿ ದಢಕ್ಕನೆ ನೆಟ್ಟಗಾಯಿತು, ಯಜಮಾನರು ಆಯ ತಪ್ಪಿ ಕೈ ಬೀಸಿದರು, ಯಂತ್ರ ಬೆರಳಿನಿಂದ ಹಾರಿ ನೀರಿಗೆ ಬಿತ್ತು.

"ಅಯ್ಯೋ, ಹೋಲ್ಡಾನ್ ಅಂದ್ರೆ ಹಿಡ್ಕೊಳ್ಳಿ ಅಂತ ಭಾಬಿ!"

"ನಮ್ಮೂರಲ್ಲಿ ನಿಲ್ಸಿ ಅಂತ!"

ಸ್ಟ್ಯಾನಿ ಸುತ್ತ ನೋಡಿದ. "ನಿಂತಿದ್ದೇನೋ ನಿಜ ಮಾರಾಯ್ರೆ" ಎಂದು ಒಪ್ಪಿಕೊಂಡ. ನಮ್ಮವರು ಬರಿದಾದ ಬೆರಳನ್ನು ನೋಡಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಒಮ್ಮೆಯೂ ಕೆಮ್ಮಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅಂಥ ನಗು ಕೇಳಿರಲಿಲ್ಲ ನಾನು. ಅಲ್ಹಮ್ದುಲಿಲ್ಲಾಹ್ ಎಂದು ಮನಸ್ಸಿನಲ್ಲೇ ಅಂದುಕೊಂಡು, ಮುಖ ಮಾತ್ರ ಗಂಟು ಹಾಕಿಕೊಂಡೇ ಕೂತೆ. ಹೊಸ ಯಂತ್ರ ಕೊಳ್ಳಲು ಹೊರಟಾಗ ಅವರು ನನ್ನ ಕೈ ಹಿಡಿದು, "ಬೇಡ ಕಣೇ. ಮೊದ್ಲೆಲ್ಲ ನನ್ ಮುಖ ನೋಡೇ ಜ್ವರ ಬಂದಿದೆ ಅಂತ ಹೇಳ್ತಿದ್ಯಲ್ಲ, ಹಂಗೇ ನೋಡು" ಎಂದರು. ಅಷ್ಟು ಮೆತ್ತಗೆ ಕೇಳಿದ್ದಕ್ಕೆ ಕೊಳ್ಳುವ ಯೋಚನೆ ಬಿಟ್ಟೆ.

ಚಳಿಗಾಲದಲ್ಲಿ ಸ್ಟ್ಯಾನಿಯ ಜೊತೆ ನಾರ್ತ್ ಕ್ಯಾರೊಲಿನಾದ ಬೆಟ್ಟಕ್ಕೆ ಸ್ಕೀಯಿಂಗ್. ಹಿಮ ಸರಿಯಾಗಿ ಬಿದ್ದಿರಲಿಲ್ಲ, ಯಂತ್ರದಿಂದ ಊದಿ ಹರಡಿದ್ದರು. ಇಲ್ಲದ ಹಿಮವನ್ನು ಮಾಡಿಸಿಕೊಂಡು ಅದರ ಮೇಲೆ ಜಾರಿ ಬೀಳುವ ಜನಕ್ಕೆ ಏನು ಹೇಳೋಣ. ನಾನು ಕೆಳಗೆ ಚಹಾದ ಫ್ಲಾಸ್ಕ್ ಹಿಡಿದು ನಿಂತೆ. ಹೊಸಬರು ಕಲಿಯುವ ಸಣ್ಣ ಇಳಿಜಾರಿನ ಮೇಲಿಂದ ಯಜಮಾನರ ನೀಲಿ ಟೋಪಿ ಮೆಲ್ಲಗೆ ಇಳಿಯಿತು. ಅರ್ಧ ದಾರಿಯಲ್ಲಿ ನಿಂತಿತು. ಅವರು ಮುಂದಕ್ಕೆ ಬಗ್ಗಿದರು. ಬಗ್ಗಿದವರು ಏಳಲಿಲ್ಲ.

ಉಸಿರು ಹತ್ತುತ್ತಿಲ್ಲ ಎಂದುಕೊಂಡೆ. ಮತ್ತೆ ಅದೇ ಆಸ್ಪತ್ರೆ, ಅದೇ ಫೋನು. ಫ್ಲಾಸ್ಕ್ ಬಿಸಾಡಿ, "ಹೆಲ್ಪ್, ಹೆಲ್ಪ್" ಎಂದು ಕಿರುಚುತ್ತ ಇಳಿಜಾರು ಹತ್ತತೊಡಗಿದೆ. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತಿತ್ತು. ಅಂತೂ ಅವರನ್ನು ತಲುಪಿದಾಗ ಅವರು ಸಡಿಲವಾಗಿದ್ದ ಬೂಟನ್ನು ಬಿಗಿ ಮಾಡಿಕೊಂಡು ನೆಟ್ಟಗೆ ನಿಂತರು. ಕೆನ್ನೆ ಕೆಂಪಗೆ, ಕಣ್ಣು ಫಳಫಳ, ಮುಖದಲ್ಲಿ ಒಂದಿಷ್ಟೂ ಆಯಾಸವಿಲ್ಲ. ನಾನು ಹಿಮದಲ್ಲೇ ಕುಸಿದು ಕೂತೆ.

ನನ್ನ ಕಿರುಚಾಟ ಕೇಳಿ, ಬಿದ್ದವರನ್ನು ಸಾಗಿಸುವ ಜಾರುಬಂಡಿ ಎಳೆದುಕೊಂಡು ಕೆಂಪು ಜಾಕೆಟ್ಟಿನ ಹುಡುಗಿಯೊಬ್ಬಳು ಬಂದಳು. ಪೇಷೆಂಟ್ ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಯಜಮಾನರತ್ತ ಕೈ ತೋರಿಸಹೋದೆ. ಅವರು ನನ್ನ ಬೆನ್ನು ಸವರುತ್ತ, "ಇವಳೇ" ಎಂದರು. "ಒಂದು ವರ್ಷದಿಂದ."

ಇಲ್ಲ ಎನ್ನೋಣವೆಂದರೆ ನನಗೆ ಉಸಿರೇ ಇರಲಿಲ್ಲ.